ರಾಶಿಯ ಮೇಲಿನ ಮೊದಲ ಕೈ ಯಾರದು?



ದರದ ಮಾತು, ಸಾಲದ ಮಾತು ಆಡುವ ಈ ಪತ್ರಿಕೆಯಲ್ಲಿ ಈ ಸಲ ಸಾವಿರ ವರ್ಷದ ಹಿಂದಿನ ಯುರೋಪಿನ ರಾಜರ ಸುದ್ದಿ ಯಾಕೆ ಬಂತು ಅಂತ ನೀವು ಕೇಳಬಹುದು. ಕೇಳ್ರಿ, ಕೇಳಲೇಬೇಕು. ನಮ್ಮ ಮಕ್ಕಳು ಹೈಸ್ಕೂಲಿನಲ್ಲಿ ‘ಊಳಿಗಮಾನ್ಯ ಪದ್ಧತಿ’ ಅಂತ ಒಂದು ಪಾಠ ಓದುತ್ತಾರೆ. ಏಣಿಯಂಥಾ ಪದ್ಧತಿ ಅದು. ತುದಿಗೆ ರಾಜ, ಅವನ ಕೆಳಗೆ ದೊಡ್ಡ ಸರದಾರರು, ಅವರ ಕೆಳಗೆ ಕುದುರೆ ಏರಿದ ಬಂಟರು, ಎಲ್ಲರ ಕೆಳಗೆ ರೈತ. ಬಾಯಿಪಾಠ ಮಾಡಿ ಬರೆದರೆ ನಾಲ್ಕು ಮಾರ್ಕು ಬಂದವು, ಮುಗೀತು. ಆದರೆ ಆ ಏಣಿಯ ತಳಕ್ಕೆ ರೈತ ಹೆಂಗ ಹೋಗಿ ಕುಂತ, ಅವನನ್ನು ಅಲ್ಲಿ ಕೂಡಿಸಿದವರು ಯಾರು ಅನ್ನೋದನ್ನು ಯಾರೂ ಕೇಳುವುದಿಲ್ಲ. ನಮಗೆ ಬೇಕಾದ ಪ್ರಶ್ನೆ ಅದೊಂದೇ.

ಉತ್ತರ ಮೊದಲೇ ಹೇಳಿಬಿಡುತ್ತೇವೆ. ಅವನನ್ನು ಅಲ್ಲಿ ಕೂಡಿಸಿದ್ದು ಬರೇ ಕತ್ತಿಯಲ್ಲ. ಅಂಜಿಕೆ ಮತ್ತು ಅಡಚಣಿ. ಎಷ್ಟೋ ಕಡೆ ರೈತ ತನ್ನ ಹೊಲವನ್ನು ತನ್ನ ಕೈಯಾರೆ ಬರೆದುಕೊಟ್ಟ. ಬರೆದುಕೊಟ್ಟ ಮೇಲೆ ಅದೇ ಹೊಲದಲ್ಲಿ ಆಳಾಗಿ ದುಡಿದ. ಈ ಮಾತು ಎಲ್ಲೋ ಕೇಳಿದಂಗ ಅನಿಸ್ತದಲ್ಲ?

ಯುರೋಪಿನಲ್ಲಿ ಆದದ್ದು

ರೋಮ್ ಸಾಮ್ರಾಜ್ಯದ ಪಶ್ಚಿಮದ ಭಾಗ ಕ್ರಿ.ಶ. 476ರಲ್ಲಿ ಕುಸಿದು ಬಿತ್ತು. ಅದರ ಜಾಗದಲ್ಲಿ ಬೇರೆ ಬೇರೆ ಪಂಗಡದ ರಾಜ್ಯಗಳು ಎದ್ದವು. ಈಗ ಫ್ರಾನ್ಸ್, ಜರ್ಮನಿ ಇರುವ ಸೀಮೆಯಲ್ಲಿ ಫ್ರಾಂಕ್ ಜನರ ರಾಜ್ಯ ಬಲವಾಯಿತು. ಅವರ ರಾಜ ಶಾರ್ಲಮೇನ್ ಕ್ರಿ.ಶ. 800ರ ಡಿಸೆಂಬರ್ 25ರಂದು ರೋಮ್ ನಗರದಲ್ಲಿ ಪೋಪನ ಕೈಯಿಂದ ಚಕ್ರವರ್ತಿ ಕಿರೀಟ ಇಡಿಸಿಕೊಂಡ. 814ರಲ್ಲಿ ತೀರಿಕೊಂಡ. ಅದೇ 814ರಲ್ಲಿ ನಮ್ಮ ಕಡೆ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗ ಪಟ್ಟಕ್ಕೆ ಬಂದ. ಎರಡೂ ದೇಶದ ಲೆಕ್ಕ ಕೂಡಿಸಿ ನೋಡಲಿಕ್ಕೆ ಇದು ನೆನಪಿಡುವಂಥಾ ವರ್ಷ.

ಶಾರ್ಲಮೇನನ ಕಾಲಕ್ಕೆ ಆ ನಾಡಿನಲ್ಲಿ ಸ್ವಂತ ಹೊಲ ಇದ್ದ ಸ್ವತಂತ್ರ ರೈತರು ಬಹಳ ಇದ್ದರು. ಆದರೆ ಸ್ವತಂತ್ರ ಅನ್ನಿಸಿಕೊಂಡವನಿಗೆ ಒಂದು ಹೊರೆ ಇತ್ತು. ರಾಜ ಕರೆದಾಗ ಯುದ್ಧಕ್ಕೆ ಹೋಗಬೇಕು. ಆಯುಧ ಅವನದೇ, ಮೂರು ತಿಂಗಳ ಬುತ್ತಿಯೂ ಅವನದೇ. ದಂಡು ಹೊರಡುವುದು ಬೇಸಿಗೆಯಲ್ಲಿ, ಆ ದೇಶದಲ್ಲಿ ಹೊಲದ ಕೆಲಸ ಕೈ ಹಿಡಿದು ಜಗ್ಗುವುದೂ ಆಗಲೇ. ಒಂದು ವರ್ಷ ಹೋದ, ಎರಡು ವರ್ಷ ಹೋದ. ಮೂರನೇ ವರ್ಷಕ್ಕೆ ಬಿತ್ತಲು ಬೀಜ ಇಲ್ಲ, ಹೂಡಲು ಎತ್ತು ಇಲ್ಲ.

ಇದು ನಮ್ಮ ಊಹೆಯಲ್ಲ. 811ರಲ್ಲಿ ಆ ಚಕ್ರವರ್ತಿಯ ಸರಕಾರವೇ ಬರೆದಿಟ್ಟ ಕಾಗದದಲ್ಲಿ ಬಡ ರೈತರ ದೂರು ದಾಖಲಾಗಿದೆ. ಆಸ್ತಿ ಬಿಟ್ಟುಕೊಡಲು ಒಪ್ಪದವನನ್ನು ಬಿಷಪ್, ಮಠಾಧಿಪತಿ, ಅಧಿಕಾರಿ ಯಾರೇ ಇರಲಿ, ನೆವ ಹುಡುಕಿ ಮತ್ತೆ ಮತ್ತೆ ದಂಡಿಗೆ ಕಳಿಸುತ್ತಾರೆ. ಅವನು ಬಡವಾಗಿ, ಬೇಕಾಗಿಯೋ ಬೇಡಾಗಿಯೋ ಹೊಲ ಕೊಡುವ ತನಕ ಬಿಡುವುದಿಲ್ಲ. ಕೊಟ್ಟವನು ಮಾತ್ರ ಸುಮ್ಮನೆ ಮನೆಯಲ್ಲಿ ಇರಬಹುದು. ನೋಡ್ರಿ, ಸಾವಿರದ ಇನ್ನೂರು ವರ್ಷದ ಹಿಂದೆ ರೈತನ ಹೊಲ ಹೋದ ದಾರಿ ಇದು. ಕಸಿದುಕೊಂಡರು ಅನ್ನುವ ಹಂಗಿಲ್ಲ, ಅವನೇ ಕೊಟ್ಟ ಅನ್ನುವಂತೆ ಮಾಡಿದರು.

ಶಾರ್ಲಮೇನನ ಮೊಮ್ಮಕ್ಕಳು 843ರಲ್ಲಿ ವರ್ಡನ್ ಎಂಬಲ್ಲಿ ರಾಜ್ಯವನ್ನು ಮೂರು ಪಾಲು ಮಾಡಿಕೊಂಡರು. ಅಣ್ಣತಮ್ಮಂದಿರ ಜಗಳ ನಡೆದಾಗಲೇ ಉತ್ತರದಿಂದ ಹಡಗಿನಲ್ಲಿ ವೈಕಿಂಗರು, ಆಮೇಲೆ ಪೂರ್ವದಿಂದ ಕುದುರೆ ಏರಿ ಮಗ್ಯಾರರು ಬಂದು ಊರು ಸುಟ್ಟರು. ದೂರದ ರಾಜ ಕಾಯಲಿಲ್ಲ. ಹತ್ತಿರ ಕೋಟೆ ಕಟ್ಟಿಕೊಂಡವನು ಕಾಯುತ್ತೇನೆ ಅಂದ. ಅವನ ಕರಾರು ಒಂದೇ: ಹೊಲ ನನ್ನ ಹೆಸರಿಗೆ ಮಾಡು, ಉಳುಮೆ ನೀನೇ ಮಾಡು, ನಾನು ಹೇಳಿದ್ದು ಕೊಡು. ಆ ಸರದಾರ ತನಗಿಂತ ದೊಡ್ಡವನ ಮುಂದೆ ಮೊಣಕಾಲೂರಿ, ಜೋಡಿಸಿದ ಎರಡೂ ಕೈಗಳನ್ನು ಅವನ ಕೈಯೊಳಗಿಟ್ಟು ಆಣೆ ಮಾಡಿ ಮಾನ್ಯ ಪಡೆಯುತ್ತಿದ್ದ. ಮೊದಮೊದಲು ಮಾನ್ಯ ಒಂದು ಜೀವಮಾನಕ್ಕೆ. ಬರುಬರುತ್ತಾ ಮಗನಿಗೆ, ಮೊಮ್ಮಗನಿಗೆ. 877ರಲ್ಲಿ ರಾಜನೇ ಮಗನ ಹಕ್ಕನ್ನು ಒಪ್ಪಿಕೊಳ್ಳುವಂತಾಯಿತು. ಚಾಕರಿಗೆ ಕೊಟ್ಟದ್ದು ವತನವಾಗಿ ಕುಂತಿತು.

ತಳದಲ್ಲಿದ್ದ ರೈತನಿಗೆ ‘ಸರ್ಫ್’ ಅಂದರು. ನೆಲಕ್ಕೆ ಕಟ್ಟಿಹಾಕಿದ ಆಳು ಅಂತ ಅರ್ಥ. ವಾರದಲ್ಲಿ ಮೂರು ದಿನ ಒಡೆಯನ ಹೊಲದಲ್ಲಿ ಬಿಟ್ಟಿ ದುಡಿಮೆ ಎಷ್ಟೋ ಕಡೆ ರೂಢಿ. ಕಾಳು ಬೀಸಿಸಲು ಒಡೆಯನ ಗಿರಣಿಗೇ ಹೋಗಬೇಕು, ರೊಟ್ಟಿ ಸುಡಲು ಒಡೆಯನ ಒಲೆಗೇ ಹೋಗಬೇಕು, ಎರಡಕ್ಕೂ ಪಾಲು ಕೊಡಬೇಕು. ಇಗರ್ಜಿಗೆ ಹತ್ತನೇ ಒಂದು ಪಾಲು ಬೇರೆ. ಮಗಳನ್ನು ಬೇರೆ ಊರಿಗೆ ಕೊಟ್ಟರೆ ದಂಡ. ಅಪ್ಪ ಸತ್ತರೆ ಕೊಟ್ಟಿಗೆಯ ಒಳ್ಳೆಯ ದನ ಒಡೆಯನ ಮನೆಗೆ. ಪ್ಯಾರಿಸ್ ಹತ್ತಿರದ ಸೇಂಟ್ ಜರ್ಮೇನ್ ಮಠದವರು ಒಂಬತ್ತನೇ ಶತಮಾನದಲ್ಲಿ ಬರೆದಿಟ್ಟ ಖಾತೆ ಪುಸ್ತಕ ಇವತ್ತಿಗೂ ಇದೆ. ಯಾವ ರೈತ, ಅವನ ಹೆಂಡತಿ ಯಾರು, ಮಕ್ಕಳು ಎಷ್ಟು, ಅವನಿಂದ ಬರಬೇಕಾದ ಕೋಳಿ ಎಷ್ಟು, ತತ್ತಿ ಎಷ್ಟು, ಎಲ್ಲ ಅದರಲ್ಲಿದೆ. ತತ್ತಿಯ ಲೆಕ್ಕ ಬರೆದವರು ರೈತನ ಮನೆಯಲ್ಲಿ ಏನು ಉಳಿಯಿತು ಅನ್ನುವ ಲೆಕ್ಕ ಮಾತ್ರ ಬರೆಯಲಿಲ್ಲ.

ರೈತರು ಸುಮ್ಮನೆ ಕುಂತಿದ್ದರು ಅಂತ ತಿಳೀಬ್ಯಾಡ್ರಿ. 996ರ ಸುಮಾರಿಗೆ ನಾರ್ಮಂಡಿ ಸೀಮೆಯ ರೈತರು ಕಾಡಿನ ಕಟ್ಟಿಗೆ, ಹೊಳೆಯ ನೀರು ನಮಗೂ ಸಲ್ಲಬೇಕು ಅಂತ ಊರೂರಲ್ಲಿ ಸಭೆ ಸೇರಿದರು. ಪ್ರತಿ ಸಭೆಯಿಂದ ಇಬ್ಬರನ್ನು ಆರಿಸಿ ದೊಡ್ಡ ಸಭೆಗೆ ಕಳಿಸಿದರು. ಅಲ್ಲಿನ ಸರದಾರ ಆ ಪ್ರತಿನಿಧಿಗಳ ಕೈಕಾಲು ಕಡಿಸಿ ಊರಿಗೆ ವಾಪಸು ಕಳಿಸಿದ. ಉಳಿದವರು ನೋಡಿ ನೇಗಿಲಿಗೆ ಮರಳಿದರು. ಪ್ರತಿನಿಧಿ ಆರಿಸುವುದು, ಸಭೆ ಕೂಡುವುದು ರೈತರಿಗೆ ಯಾರೋ ಈಗ ಕಲಿಸಿದ ವಿದ್ಯೆಯಲ್ಲ.

ನಮ್ಮ ಬೆಳ್ವೊಲದಲ್ಲಿ ಏಣಿ

ಇನ್ನು ನಮ್ಮ ಮನೆ ಅಂಗಳಕ್ಕೆ ಬರೋಣ. ಗದಗ, ಅಣ್ಣಿಗೇರಿ, ಲಕ್ಕುಂಡಿ, ಕುಕನೂರು ಸೀಮೆಗೆ ಆಗ ಬೆಳ್ವೊಲ ಮುನ್ನೂರು ಅನ್ನುತ್ತಿದ್ದರು. ಸೂಡಿಯ ಕಡೆಗೆ ಕಿಸುಕಾಡು ಎಪ್ಪತ್ತು. ನಮ್ಮ ಜಕ್ಕಲಿಯ ಪಕ್ಕದ ನರೇಗಲ್ಲ ಆಗ ನರೆಯಂಗಲ್ ಹನ್ನೆರಡರ ಮುಖ್ಯ ಊರು. ಕ್ರಿ.ಶ. 866ರ ಸಿರೂರು, ನೀಲಗುಂದ ಶಾಸನಗಳ ಪ್ರಕಾರ ಅಮೋಘವರ್ಷನ ಕೆಳಗೆ ದೇವಣಯ್ಯ ಎಂಬುವನು ಅಣ್ಣಿಗೇರಿಯಲ್ಲಿ ಕುಂತು ಬೆಳ್ವೊಲ ಆಳುತ್ತಿದ್ದ. ಆ ಶಾಸನಗಳಲ್ಲಿ ‘ತುಪ್ಪದೆರೆ’ ಎಂಬ ಮಾತು ಬರುತ್ತದೆ. ತುಪ್ಪದ ಮೇಲೆ ತೆರಿಗೆ! ಶಾರ್ಲಮೇನನ ನಾಡಿನಲ್ಲಿ ತತ್ತಿ ಎಣಿಸುವ ಹೊತ್ತಿಗೆ ನಮ್ಮಲ್ಲಿ ತುಪ್ಪ ಅಳೆಯುತ್ತಿದ್ದರು.

ಮುಂದೆ ಕಲ್ಯಾಣ ಚಾಲುಕ್ಯರ ಕಾಲಕ್ಕೆ ಏಣಿ ಪೂರಾ ಕಾಣುತ್ತದೆ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯ ಚಕ್ರವರ್ತಿ, 1076ರಿಂದ 1126ರ ವರೆಗೆ. ಅವನ ಕೆಳಗೆ ಯಲಬುರ್ಗಿಯ ಸಿಂದರು, ಮಹಾಮಂಡಲೇಶ್ವರ ಅನ್ನೋ ಬಿರುದು. ಕಿಸುಕಾಡು, ನರೆಯಂಗಲ್ಲು, ಬಾಗಡಗೆ, ಕೆಲವಡಿ ಸೀಮೆಗಳು ಅವರ ಕೈಯಲ್ಲಿ. ಅವರ ಕೆಳಗೆ ಊರ ಗಾವುಂಡರು. ಗಾವುಂಡನ ಕೆಳಗೆ ಮತ್ತರು ಲೆಕ್ಕದಲ್ಲಿ ಹೊಲ ಉಳುವ ಒಕ್ಕಲು. ಒಡೆಯನ ಜೊತೆ ಸಾಯುತ್ತೇನೆ ಅಂತ ಆಣೆ ಮಾಡಿದ ಬಂಟನಿಗೆ ಲೆಂಕ ಅನ್ನುತ್ತಿದ್ದರು. ಯುದ್ಧದಲ್ಲಿ ಸತ್ತವನ ಮನೆಗೆ ಕೊಟ್ಟ ಹೊಲಕ್ಕೆ ನೆತ್ತರುಗೊಡಗೆ ಅಂತ ಹೆಸರು. ನಮ್ಮ ಊರುಗಳ ಹಾಳು ಗುಡಿಯ ಬದಿಗೆ ಬಿದ್ದಿರುವ ವೀರಗಲ್ಲುಗಳು ಆ ಲೆಕ್ಕದವು.

ಮೇಲಿನವನು ಸೋತಾಗ ಕೆಳಗಿನವನು ಏಣಿ ಹತ್ತುವುದೂ ಅಲ್ಲಿನಂತೆಯೇ. ರಾಷ್ಟ್ರಕೂಟರ ದಂತಿದುರ್ಗ ಬಾದಾಮಿ ಚಾಲುಕ್ಯರ ಸಾಮಂತನಾಗಿದ್ದವನು, 753ರ ಹೊತ್ತಿಗೆ ತಾನೇ ಸಾಮ್ರಾಟನಾದ. ರಾಷ್ಟ್ರಕೂಟರ ಸಾಮಂತ ತೈಲಪ 973ರಲ್ಲಿ ಒಡೆಯನನ್ನೇ ಇಳಿಸಿದ. ಆ ವಂಶಕ್ಕೆ ಮಹಾಮಂಡಲೇಶ್ವರನಾಗಿದ್ದ ಕಳಚುರಿ ಬಿಜ್ಜಳ 1162ರ ಹೊತ್ತಿಗೆ ಕಲ್ಯಾಣದ ಗದ್ದುಗೆ ಹಿಡಿದ. ಮೂರು ಸಲ ಸಿಂಹಾಸನ ಬದಲಾಯಿತು. ನಮ್ಮ ಕಣದ ಸುತ್ತ ನಿಂತವರ ಸಾಲು ಒಂದು ಸಲವೂ ಕರಗಲಿಲ್ಲ.

ಯುದ್ಧದ ಪೆಟ್ಟು ಯಾರಿಗೆ ಬಿತ್ತು? 1007ರ ಹೊಟ್ಟೂರು ಶಾಸನದ ಮಾತಿನಂತೆ ಒಂಬತ್ತು ಲಕ್ಷ ದಂಡು ಕಟ್ಟಿಕೊಂಡು ಬಂದ ಚೋಳರು ನಾಡನ್ನು ಸೂರೆ ಮಾಡಿದರು, ಹೆಂಗಸರು ಮಕ್ಕಳನ್ನೂ ಬಿಡಲಿಲ್ಲ. ಸಂಖ್ಯೆ ಹೆಚ್ಚಿಸಿ ಬರೆದಿರಬಹುದು, ಸುಟ್ಟ ಬಣವೆ ಸುಳ್ಳಲ್ಲ. ಅದೇ ಯುದ್ಧಗಳ ಗದ್ದಲದಲ್ಲಿ ಸೂಡಿಯ ವ್ಯಾಪಾರಿಗಳ ಕಟ್ಟಳೆಯ ಪತ್ರ ಹಾಳಾಯಿತು. ಚಾಲುಕ್ಯ ಜಯಸಿಂಹನ ಅಕ್ಕ ಅಕ್ಕಾದೇವಿಯವರು, ಕಿಸುಕಾಡು ಆಳಿದ ಧೀರ ಹೆಣ್ಣುಮಗಳು, 1050ರ ಸುಮಾರಿಗೆ ಅಲ್ಲಿನ ಎಂಟು ಸೆಟ್ಟಿಗಳಿಗೆ, ಎಂಬತ್ತು ಒಕ್ಕಲಿಗೆ ಆ ಕಟ್ಟಳೆಯನ್ನು ಮತ್ತೆ ಮಾಡಿಕೊಟ್ಟರು. ಇದನ್ನು ಎರಡು ಸಲ ಓದ್ರಿ. ಕೂಡಿ ನಿಂತವರಿಗೆ ಬರವಣಿಗೆಯಲ್ಲಿ ಕರಾರು ಸಿಕ್ಕಿತು. ಪತ್ರ ಕಳೆದರೂ ಮತ್ತೆ ಕೇಳಿ ಪಡೆಯುವ ತಾಕತ್ತು ಅವರಿಗಿತ್ತು. ಒಬ್ಬೊಬ್ಬನೇ ಹೊಲದಲ್ಲಿದ್ದವನಿಗೆ ಅದು ಸಿಗಲಿಲ್ಲ.

ನಮ್ಮಲ್ಲಿ ಇದ್ದದ್ದು ಯುರೋಪಿನಂಥಾ ಪದ್ಧತಿಯೇ ಅಲ್ಲವೇ ಅನ್ನುವ ಬಗ್ಗೆ ಪಂಡಿತರಲ್ಲಿ ದೊಡ್ಡ ವಾದ ನಡೆದಿದೆ. ಆರ್.ಎಸ್. ಶರ್ಮಾ ಅವರು 1965ರ ತಮ್ಮ ಪುಸ್ತಕದಲ್ಲಿ ಹೌದು, ಭೂದಾನಗಳಿಂದಲೇ ಅದು ಬೆಳೆಯಿತು ಅಂದರು. ಹರಬನ್ಸ್ ಮುಖಿಯಾ ಅವರು ಅಲ್ಲ, ಇಲ್ಲಿನ ರೈತನ ಬೇಸಾಯ ಅವನ ಕೈಯಲ್ಲೇ ಇತ್ತು, ಅಲ್ಲಿನ ಸರ್ಫನಂತೆ ಇಲ್ಲಿ ಇರಲಿಲ್ಲ ಅಂದರು. ನಮ್ಮಂಥಾ ಒಕ್ಕಲು ಮಕ್ಕಳಿಗೆ ಎರಡು ಮಾತಿನಲ್ಲೂ ಸತ್ಯ ಕಾಣುತ್ತದೆ. ನಮ್ಮಲ್ಲಿಯೂ ಬಿಟ್ಟಿ ಇತ್ತು, ಆದರೆ ಎತ್ತು ನೇಗಿಲು ನಮ್ಮವೇ. ಅಲ್ಲಿ ಹೆಚ್ಚಾಗಿ ಮನುಷ್ಯನನ್ನು ಕಟ್ಟಿದರು. ಇಲ್ಲಿ ರಾಶಿಯನ್ನು ಕಟ್ಟಿದರು. ಒಂದು ಊರನ್ನು ದಾನ ಕೊಟ್ಟರು ಅಂದರೆ ಆ ಊರಿನ ಸಿದ್ಧಾಯ, ಸುಂಕ, ಕಾಣಿಕೆ ಬರುವ ಬಾಗಿಲು ಬದಲಾಯಿತು ಅಂತಲೇ ಅರ್ಥ. ಬಿತ್ತಿದವನನ್ನು ಯಾರೂ ಕೇಳಲಿಲ್ಲ.

ವಾಡೆಯಿಂದ ಕಚೇರಿಗೆ

ಆಮೇಲಿನ ಕಾಲಕ್ಕೆ ಹೆಸರುಗಳು ಬದಲಾದವು. ಜಹಗೀರು, ಸರಂಜಾಮು, ದೇಸಗತಿ, ಇನಾಮು, ವತನ. ಗಜೇಂದ್ರಗಡ ಘೋರ್ಪಡೆಯವರಿಗೆ, ನರಗುಂದ ಭಾವೆಯವರಿಗೆ, ಕೊಪ್ಪಳ ನಿಜಾಮನ ಕೆಳಗೆ ಸಾಲಾರಜಂಗನಿಗೆ. 1787ರಲ್ಲಿ ಮರಾಠರು, ನಿಜಾಮ, ಟಿಪ್ಪು ಗಜೇಂದ್ರಗಡದ ಒಪ್ಪಂದ ಮಾಡಿ ಸೀಮೆ ಹಂಚಿಕೊಂಡಾಗಲೂ ಇಲ್ಲಿನ ಒಕ್ಕಲಿಗನಿಗೆ ಯಾರೂ ಹೇಳಿ ಕಳಿಸಲಿಲ್ಲ.

ನರಗುಂದದ ಬಾಬಾಸಾಹೇಬ ಭಾಸ್ಕರರಾವ ಭಾವೆಯವರ ತ್ಯಾಗಕ್ಕೆ ನಾವು ತಲೆಬಾಗುತ್ತೇವೆ. ದತ್ತಕದ ಹಕ್ಕು ಇಲ್ಲ ಅಂದ, ಇನಾಮು ಕಸಿಯಲು ಕಮಿಶನ್ ಕಳಿಸಿದ, ಆಯುಧ ಒಪ್ಪಿಸು ಅಂದ ಇಂಗ್ಲಿಷರ ವಿರುದ್ಧ ಅವರು 1858ರ ಮೇ ತಿಂಗಳಲ್ಲಿ ಎದ್ದು ನಿಂತರು. ಏಜೆಂಟ್ ಮ್ಯಾನ್ಸನ್ ಸತ್ತ. ಜೂನ್ 12ಕ್ಕೆ ಬೆಳಗಾವಿಯಲ್ಲಿ ಬಾಬಾಸಾಹೇಬರನ್ನು ಗಲ್ಲಿಗೆ ಹಾಕಿದರು. ಸಂಸ್ಥಾನ ಹೋಯಿತು. ಆದರೆ ನರಗುಂದದ ಎರೆಹೊಲದ ತೆರಿಗೆ ಹೋಯಿತೇ? ವಾಡೆಗೆ ಹೋಗುತ್ತಿದ್ದ ಹಣ ಮಾಮಲೇದಾರ ಕಚೇರಿಗೆ ಹೋಯಿತು, ಅಷ್ಟೇ. ಇಂಗ್ಲಿಷರು ರಯತವಾರಿ ಅಂತ ಹೊಲವನ್ನು ರೈತನ ಹೆಸರಿಗೆ ಬರೆದರು. ಹೆಸರಿಗೆ ಬಂದ ಹೊಲ ಅಡ ಇಡಲಿಕ್ಕೂ ಬಂತು. ಮಳೆ ಹೋದರೂ ನಗದು ಸಾರಾ ತಪ್ಪಲಿಲ್ಲ. ಅದಕ್ಕೆ ಸಾವಕಾರನ ಬಾಗಿಲು ಬೇಕಾಯಿತು. ಪುಣೆ, ಅಹಮದನಗರ ಕಡೆ 1875ರಲ್ಲಿ ರೈತರು ಸಾವಕಾರರ ಮನೆ ಹೊಕ್ಕು ಸಾಲದ ಪತ್ರ ಸುಟ್ಟದ್ದು ಇದೇ ಸಿಟ್ಟಿನಿಂದ. 1381ರಲ್ಲಿ ಇಂಗ್ಲೆಂಡಿನ ರೈತರು ದಂಗೆ ಎದ್ದಾಗ ಅವರೂ ಮೊದಲು ಹುಡುಕಿದ್ದು ಒಡೆಯರ ಖಾತೆ ಪುಸ್ತಕಗಳನ್ನೇ. ಅವುಗಳಿಗೇ ಬೆಂಕಿ ಹಚ್ಚಿದರು. ರೈತನಿಗೆ ತನ್ನ ಕಟ್ಟು ಎಲ್ಲಿ ಬಿಗಿದಿದೆ ಅಂತ ಯಾವ ದೇಶದಲ್ಲೂ ಗೊತ್ತಿರುತ್ತದೆ.

ಸ್ವಾತಂತ್ರ್ಯ ಬಂದ ಮೇಲೆ ಏಣಿಯ ಮೇಲಿನ ಮೆಟ್ಟಲುಗಳು ಮುರಿದವು. ಇದನ್ನು ಸಣ್ಣದು ಅನ್ನಬಾರದು. 1948ರ ಮುಂಬಯಿ ಗೇಣಿ ಕಾಯ್ದೆ, 1949ರ ಹೈದರಾಬಾದ್ ಜಹಗೀರು ರದ್ದು, 1952ರ ಇನಾಮು ರದ್ದು, ಕೊನೆಗೆ ದೇವರಾಜ ಅರಸರ ಕಾಲದ ತಿದ್ದುಪಡಿ. 1974ರ ಮಾರ್ಚ್ 1ರಿಂದ ಗೇಣಿಗೆ ಹಚ್ಚಿದ ಜಮೀನು ಸರಕಾರದ ವಶಕ್ಕೆ ಬಂತು, ಏಳನೇ ನಮೂನೆ ತುಂಬಿದ ಲಾವಣಿದಾರ ಟ್ರಿಬ್ಯುನಲ್ ಮುಂದೆ ನಿಂತು ಮಾಲಕನಾದ. ಫ್ರಾನ್ಸಿನಲ್ಲಿ 1789ರ ಆಗಸ್ಟ್ 4ರ ರಾತ್ರಿ ಸರದಾರರ ಹಕ್ಕು ರದ್ದು ಅಂದರೂ ಮೊದಲು ಬಿಡುಗಡೆ ಹಣ ಕಟ್ಟು ಅಂದಿದ್ದರು. ಪೂರಾ ರದ್ದಾಗಲು 1793 ಬರಬೇಕಾಯಿತು. ಎಲ್ಲೆಡೆಯೂ ಹೊಲ ಬಿಡಿಸಿಕೊಳ್ಳುವುದು ಒಂದು ದಿನದ ಕೆಲಸ ಆಗಲಿಲ್ಲ.

ಉಳಿದ ಕಟ್ಟು

ಹಾಗಾದರೆ ಊಳಿಗಮಾನ್ಯ ಮುಗೀತಲ್ಲ, ಇನ್ನೇನು ಗೋಳು ಅಂತ ಪ್ಯಾಟಿಯವರು ಕೇಳುತ್ತಾರೆ. ಅವರಿಗೆ ನಮ್ಮ ಕಣ ತೋರಿಸೋಣ. ಬಿತ್ತುವಾಗ ಬೀಜ ಗೊಬ್ಬರಕ್ಕೆ ಅಡತಿ ಅಂಗಡಿಯಿಂದ ಮುಂಗಡ ತಂದವನು ಸುಗ್ಗಿಯಲ್ಲಿ ಮಾಲು ಅದೇ ಅಂಗಡಿಗೆ ಹಾಕಬೇಕು. ಇದು ಒಡೆಯನ ಗಿರಣಿಗೇ ಹೋಗಬೇಕು ಅನ್ನುವ ಕಟ್ಟಳೆಗಿಂತ ಎಷ್ಟು ದೂರ? ಕಡಲಿ, ಬಿಳಿಜೋಳ, ಹತ್ತಿ ಯಾವುದೇ ಇರಲಿ, ರಾಶಿ ಮಾಡಿದ ದಿನವೇ ಮಾರಬೇಕು, ಯಾಕಂದರೆ ಸಾಲದ ಗಡುವು ದರ ಏರುವ ತನಕ ಕಾಯುವುದಿಲ್ಲ. ಹೊಲದ ಉತಾರ ಅವನ ಹೆಸರಿಗೆ, ಬೆಳೆ ಮಾತ್ರ ಬೇರೆಯವರ ಹೆಸರಿಗೆ. ಯುರೋಪಿನ ರೈತನಿಗೆ ಹೊಲ ಹೋಗಿ ಉಳುಮೆ ಉಳಿದಿತ್ತು. ನಮಗೆ ಹೊಲ ಉಳಿದು ರಾಶಿ ಹೋಗುತ್ತಿದೆ.

ಸರಕಾರವೂ ಈ ಸಾಲಿನಲ್ಲಿ ನಿಂತದ್ದನ್ನು ನಮ್ಮ ಸೀಮೆ ಮರೆತಿಲ್ಲ. ಮಲಪ್ರಭೆಯ ಕಾಲುವೆಯ ನೀರು ಸರಿಯಾಗಿ ಬರುವ ಮೊದಲೇ ಅಭಿವೃದ್ಧಿ ಕರ ಕಟ್ಟು ಅಂತ ಬಂದಾಗ ನರಗುಂದ ನವಲಗುಂದದ ರೈತರು ಎದ್ದರು. 1980ರ ಜುಲೈ 21ರಂದು ಗುಂಡು ಹಾರಿತು, ರೈತರು ಸತ್ತರು. ನಾರ್ಮಂಡಿಯವರೂ ನೀರಿಗಾಗಿಯೇ ಸಭೆ ಸೇರಿದ್ದು. ಒಂದು ಫರಕು ಮಾತ್ರ ದೊಡ್ಡದು. ಅಲ್ಲಿ ಕೈಕಾಲು ಕಡಿದ ಮೇಲೆ ರೈತರು ಮೌನವಾದರು. ಇಲ್ಲಿ ಗುಂಡು ಬಿದ್ದ ಮೇಲೆ ರಾಜ್ಯದ ತುಂಬ ರೈತ ಚಳವಳಿ ಹಬ್ಬಿತು. ಪ್ರತಿ ವರ್ಷ ಜುಲೈ 21ಕ್ಕೆ ರೈತರು ನರಗುಂದದ ವೀರಗಲ್ಲಿಗೆ ಬಂದು ಸೇರುತ್ತಾರೆ. ಹಳೆಯ ವೀರಗಲ್ಲು ಒಡೆಯನಿಗಾಗಿ ಸತ್ತವರದು. ಇದು ತನ್ನ ಪಾಲಿಗಾಗಿ ಸತ್ತವನದು.

2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂ ತೆಗೆದುಹಾಕಿ, ಒಕ್ಕಲುತನ ಮಾಡದವನೂ, ಎಷ್ಟೇ ಆದಾಯ ಇದ್ದವನೂ ಹೊಲ ಕೊಳ್ಳಲು ಬಾಗಿಲು ತೆರೆದರು. ಮಾರುವುದು ಬಿಡುವುದು ರೈತನ ಇಷ್ಟ, ಬಲವಂತ ಇಲ್ಲವಲ್ಲ ಅಂದರು. 811ರ ಆ ಕಾಗದ ಮತ್ತೊಮ್ಮೆ ನೆನಪಿಗೆ ತಂದುಕೊಳ್ರಿ. ಅಲ್ಲಿಯೂ ರೈತನೇ ಕೊಟ್ಟ ಅನ್ನುವಂತೆ ಮಾಡಿದ್ದರು. ಸಾಲದಲ್ಲಿ ಮುಳುಗಿದವನ ಇಷ್ಟಕ್ಕೆ ಇಷ್ಟ ಅನ್ನುತ್ತಾರೇನು?

ಆದ್ದರಿಂದ ನಮ್ಮ ಮಾತು ಇಷ್ಟು. ಸಾಲದ ವಸೂಲಿಗೆ ಮೊದಲು ಬೆಳೆಗೆ ಖರ್ಚು ಹೊರಡುವ ದರ ಬೇಕು, ಅದು ಕಾಯ್ದೆಯಲ್ಲಿ ಬರಬೇಕು. ರಾಶಿ ಮಾಡಿದ ದಿನ ಮಾರದೆ ಇಟ್ಟುಕೊಳ್ಳಲು ಊರಿಗೊಂದು ಉಗ್ರಾಣ, ಇಟ್ಟ ಮಾಲಿನ ಮೇಲೆ ಸೊಸಾಯಿಟಿಯ ಸಾಲ ಬೇಕು. ನಮ್ಮ ಹಿರಿಯರ ಹಗೇವಿನಲ್ಲಿ ಜೋಳ ಇದ್ದಾಗ ಯಾವ ದಲಾಲಿಯೂ ಅವರಿಗೆ ಅವಸರ ಮಾಡುತ್ತಿರಲಿಲ್ಲ. ನಮ್ಮಿಂದ ಆಗಬೇಕಾದದ್ದೂ ಇದೆ. ಖಾಲಿ ಕಾಗದಕ್ಕೆ ಸಹಿ ಮಾಡಬ್ಯಾಡ್ರಿ, ಹೆಬ್ಬೆಟ್ಟು ಒತ್ತಬ್ಯಾಡ್ರಿ. ಹೊಲದ ಉತಾರವನ್ನು ಅಡತಿಯವನ ಪೆಟ್ಟಿಗೆಯಲ್ಲಿ ಬಿಡಬ್ಯಾಡ್ರಿ. ಒಬ್ಬರೇ ಹೋಗಿ ಕರಾರು ಮಾಡಬ್ಯಾಡ್ರಿ. ಸೂಡಿಯ ಎಂಟು ಸೆಟ್ಟಿಗಳು ಕೂಡಿ ಕೇಳಿದ್ದಕ್ಕೆ ರಾಜಮನೆತನದವರೇ ಬರೆದುಕೊಟ್ಟರು. ಎಂಟು ಊರಿನ ಒಕ್ಕಲು ಕೂಡಿ ಕೇಳಿದರೆ ಸರಕಾರ ಬರೆದುಕೊಡದೆ ಎಲ್ಲಿಗೆ ಹೋಗುತ್ತದೆ?

ಹುಡುಗರು ಶಾಲೆಯಲ್ಲಿ ಏಣಿಯ ಪಾಠ ಓದಲಿ, ನಾಲ್ಕು ಮಾರ್ಕು ತರಲಿ. ಮನೆಗೆ ಬಂದಾಗ ಅಪ್ಪ ಅವ್ವ ಅವರಿಗೆ ಐದನೇ ಮಾರ್ಕಿನ ಪ್ರಶ್ನೆ ಕೇಳ್ರಿ: ಈ ಸಲದ ರಾಶಿಯ ಮೇಲೆ ಮೊದಲ ಕೈ ಯಾರು ಹಾಕಿದರು? ಬಿತ್ತಿದವನೇ ಹಾಕಿದ ಅನ್ನುವ ಉತ್ತರ ಬರುವ ತನಕ ಚಳವಳಿ ನಿಲ್ಲುವ ಹಂಗಿಲ್ಲ.